ಇಪ್ಪತ್ತನಾಲ್ಕು ಟೈಲ್ಸಿನ ತಿದ್ದುಪಡಿ

ಒಬ್ಬ ಗಂಡಸಿನ ಯೋಗ್ಯತೆ ಅಳೆಯುವುದಕ್ಕೆ ಒಲೆಯ ಹಿಂದಿನ ಗೋಡೆ ಸಾಕು ಎಂಬುದು ನನಗೆ ಮೊದಲು ತಿಳಿದಿರಲಿಲ್ಲ. ನಮ್ಮ ಎದುರು ಮನೆಯ ಆ ಗೋಡೆ ಎಂಟು ಅಡಿ ಅಗಲ, ಮೂರು ಅಡಿ ಎತ್ತರ. ಹದಿನೈದು ವರ್ಷ ಎಣ್ಣೆ ಸಿಡಿದು, ಹಾಲು ಉಕ್ಕಿ, ಹೊಗೆ ಹಿಡಿದು, ಅದು ಯಾವ ಬಣ್ಣವೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅದಕ್ಕೆ ಟೈಲ್ಸ್ ಹಾಕಿಸಬೇಕೆಂದು ತೀರ್ಮಾನವಾದ ದಿನ ಆ ಮನೆಯ ಯಜಮಾನರು ಮೂರು ಸಲ ಅಡುಗೆಮನೆಗೂ ಹಾಲ್‌ಗೂ ಓಡಾಡಿ, ಕೊನೆಗೆ ಬೀದಿ ದಾಟಿ ನನ್ನ ಹತ್ತಿರ ಬಂದರು.

“ಕೆಲಸ ನನಗೇ ವಹಿಸಿದ್ದಾಳೆ” ಎಂದರು. ನನ್ನ ಎರಡೂ ಕೈ ಹಿಡಿದುಕೊಂಡರು.

ಕೈ ಹಿಡಿದದ್ದಕ್ಕೆ ಕಾರಣವಿದೆ. ಯಜಮಾನರು ದೊಡ್ಡದೊಂದು ಕಚೇರಿಯ ದಾಖಲೆ ಕೋಣೆಯಲ್ಲಿ ಗುಮಾಸ್ತರು. ಬಂದ ಕಡತಗಳ ಹಾಳೆಗಳನ್ನು ಎಣಿಸಿ, ಒಂದೊಂದಕ್ಕೂ ಸಂಖ್ಯೆ ಹಾಕಿ, ಹೊಲಿದು ಇಡುವುದು ಅವರ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದು ಹಾಳೆ ಕಳೆದಿಲ್ಲ. ಬೇರೆಯವರು ಹಾಕಿದ ಸಂಖ್ಯೆ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಮಾಡುತ್ತಾರೆ. ಬೀದಿಯಲ್ಲಿ ನಾವು ಅವರನ್ನು ಎದುರಿಗೆ ‘ಸಾರ್’ ಎಂದೂ, ಅವರು ತಿರುವು ದಾಟಿದ ಮೇಲೆ ‘ಪುಟಸಂಖ್ಯೆ’ ಎಂದೂ ಕರೆಯುತ್ತೇವೆ.

ಕಚೇರಿಯಲ್ಲಿ ಹುಲಿಯಾದ ಪುಟಸಂಖ್ಯೆಯವರನ್ನು ಮನೆಯಲ್ಲಿ ಹೆಂಡತಿ ಒಂದು ಮೊಳೆ ಹೊಡೆಯಲೂ ಬಿಡುತ್ತಿರಲಿಲ್ಲ. ಹಿಂದೊಮ್ಮೆ ಕಿಟಕಿಗೆ ಪರದೆ ತರಲು ಹೋಗಿ ಬೀರುವಿನ ಅಳತೆ ಕೊಟ್ಟು ಬಂದಿದ್ದರು. ಇನ್ನೊಮ್ಮೆ ನಲ್ಲಿಯ ವಾಷರ್ ತಾವೇ ಬದಲಿಸುತ್ತೇನೆಂದು ಕುಳಿತು, ಸಂಜೆಯ ಹೊತ್ತಿಗೆ ಕೆಳಗಿನ ಮನೆಯ ಟೀಚರಮ್ಮ ಬಚ್ಚಲಲ್ಲಿ ಕೊಡೆ ಹಿಡಿದು ನಿಲ್ಲುವಂತೆ ಮಾಡಿದ್ದರು. ಎರಡೂ ಸಲ ತಪ್ಪು ಅಂಗಡಿಯವನದೆಂದು ಅವರ ವಾದ.

“ಇದೊಂದು ನಿಮ್ಮ ಕೈಗೆ ಬಿಡ್ತೀನಿ” ಎಂದು ಯಜಮಾನಿತಿ ಹೇಳಿದ್ದರಂತೆ. “ಇದೂ ಎಡವಟ್ಟಾದ್ರೆ ಮುಗೀತು. ಆಮೇಲೆ ಕಚೇರಿ ನಿಮ್ದು, ಮನೆ ನಂದು. ಒಂದು ಬಲ್ಬ್ ಬದಲಾಯಿಸೋಕೂ ನಿಮ್ಮನ್ನ ಕರೆಯಲ್ಲ.”

ಪುಟಸಂಖ್ಯೆಯವರು ಈ ಮಾತನ್ನು ನನಗೆ ಎರಡು ಸಲ ಒಪ್ಪಿಸಿದರು. ಐವತ್ತು ದಾಟಿದ ಮನುಷ್ಯ, ಬಲ್ಬ್ ಎಂದಾಗ ಕಣ್ಣು ಒರೆಸಿಕೊಂಡರು. ನನಗೆ ಪಾಪ ಎನಿಸಿತು.

ಯಜಮಾನಿತಿಗೆ ಬೇಕಾಗಿದ್ದುದು ಸಾದಾ ಬಿಳಿ ಟೈಲ್ಸು. ಒದ್ದೆ ಬಟ್ಟೆಯಲ್ಲಿ ಒಮ್ಮೆ ಎಳೆದರೆ ಜಿಡ್ಡು ಬಂದುಬಿಡಬೇಕು, ಅಷ್ಟೇ. ಆದರೆ ಎಷ್ಟೋ ವರ್ಷ ಕಾದು ಸಿಕ್ಕ ಅವಕಾಶವನ್ನು ಸಾದಾ ಬಿಳಿಯಲ್ಲಿ ಮುಗಿಸಲು ಯಾರಿಗೆ ಮನಸ್ಸು ಬರುತ್ತದೆ? ಅವರು ತಂದದ್ದು ಚಿತ್ರದ ಟೈಲ್ಸು. ಅಡ್ಡಕ್ಕೆ ಎಂಟು, ಉದ್ದಕ್ಕೆ ಮೂರು, ಒಟ್ಟು ಇಪ್ಪತ್ತನಾಲ್ಕು ಬಿಲ್ಲೆ ಸೇರಿದರೆ ಒಂದು ದೊಡ್ಡ ಚಿತ್ರ. ಎಡತುದಿಯಲ್ಲಿ ಒಂದು ಮರ, ಮರದ ಕೆಳಗೆ ಕೊಳ, ಕೊಳಕ್ಕೆ ಬಾಗಿ ನೀರು ಕುಡಿಯುವ ಬಿಳಿ ಕುದುರೆ, ಅದರ ಹಿಂದೆ ಬುಟ್ಟಿ ಹಿಡಿದು ಬರುವ ಹುಡುಗಿ, ಬಲತುದಿಯಲ್ಲಿ ಹುಡುಗಿಯ ಮನೆ.

“ಅಡುಗೆಮನೇಲಿ ಕುದುರೆ ಯಾಕ್ರೀ?” ಎಂದು ಯಜಮಾನಿತಿ ಕೇಳಿದರು.

“ನೀರು ಕುಡೀತಿದೆ” ಎಂದರು ಇವರು, ಅದೇ ದೊಡ್ಡ ಸಮಜಾಯಿಷಿ ಎಂಬಂತೆ.

ಆಕೆ ಒಲೆಯ ಕಡೆ ತಿರುಗಿದರು. ಕೈಗೆ ಬಿಟ್ಟ ಮೇಲೆ ಬಿಟ್ಟಂತೆ. ಮಾತಿಗೆ ತಪ್ಪುವ ಹೆಂಗಸಲ್ಲ ಆಕೆ.

ಮರುದಿನ ರಜೆ. ಪುಟಸಂಖ್ಯೆಯವರು ಡಬ್ಬಿ ಬಿಚ್ಚುವುದಕ್ಕೆ ನನ್ನನ್ನು ಕರೆದರು. ಬಿಲ್ಲೆಗಳ ಜೊತೆಗೆ ಒಂದು ಹಾಳೆ ಇತ್ತು. ಅದರ ಒಂದು ಮಗ್ಗುಲಲ್ಲಿ ಚಿತ್ರ. ಇನ್ನೊಂದು ಮಗ್ಗುಲಲ್ಲಿ ಬಿಲ್ಲೆಗಳ ಬೆನ್ನಿನ ನಕ್ಷೆ. ಯಾವ ಬಿಲ್ಲೆ ಎಲ್ಲಿಗೆ ಎಂದು ಗೊತ್ತಾಗಲು ಕಾರ್ಖಾನೆಯವರು ಪ್ರತಿ ಬಿಲ್ಲೆಯ ಬೆನ್ನಿಗೂ ಒಂದು ಅಂಕಿ, ಮೇಲ್ತುದಿ ಯಾವುದೆಂದು ತೋರಿಸುವ ಒಂದು ಬಾಣ ಅಚ್ಚು ಹಾಕಿದ್ದರು.

ಪುಟಸಂಖ್ಯೆಯವರು ನಕ್ಷೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅವರ ಮುಖದಲ್ಲಿ, ಕಳ್ಳನನ್ನು ಮಾಲುಸಮೇತ ಹಿಡಿದವರ ಸಂತೋಷ ಮೂಡಿತು.

“ನೋಡಿದ್ರಾ? ಎಡಗಡೆ ಮೊದಲನೇದು ಎಂಟು, ಆಮೇಲೆ ಏಳು, ಆರು... ಒಂದು ಎಲ್ಲಿದೆ? ಬಲತುದೀಲಿ! ಎರಡನೇ ಸಾಲೂ ಅಷ್ಟೇ, ಹದಿನಾರರಿಂದ ಶುರು. ಎಂಟನೇ ಪುಟದಿಂದ ಪುಸ್ತಕ ಓದೋಕಾಗುತ್ತಾ?”

“ಇದು ಬೆನ್ನಿನ ನಕ್ಷೆ ಅಲ್ವಾ ಸಾರ್...” ಎಂದು ನಾನು ಶುರು ಮಾಡಿದೆ.

“ಬೆನ್ನಾದ್ರೇನು, ಹೊಟ್ಟೆಯಾದ್ರೇನು? ಸಂಖ್ಯೆ ಎಡದಿಂದ ಬಲಕ್ಕೆ ಹೋಗ್ಬೇಕು. ಇಪ್ಪತ್ತಾರು ವರ್ಷ ಇದೇ ಮಾಡ್ಕೊಂಡು ಬಂದಿದೀನಿ ನಾನು.”

ಇಪ್ಪತ್ತಾರು ವರ್ಷದ ಎದುರಿಗೆ ನನ್ನದೇನು ನಡೆಯುತ್ತದೆ? ಆಗ ಇನ್ನೊಂದು ಮಾತು ಆಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಯಜಮಾನಿತಿ ಕಾಫಿ ತಂದಿಟ್ಟರು, ನನ್ನ ಗಮನ ಅತ್ತ ಹೋಯಿತು.

ಪುಟಸಂಖ್ಯೆಯವರು ಕಚೇರಿಯ ಕ್ರಮದಲ್ಲೇ ಕೆಲಸಕ್ಕೆ ಕುಳಿತರು. ಅಚ್ಚಾದ ಅಂಕಿಯ ಮೇಲೆ ಕೆಂಪು ಮಾರ್ಕರಿನಲ್ಲಿ ಒಂದೇ ಒಂದು ಗೆರೆ, ಯಾಕೆಂದರೆ ಹೊಡೆದು ಹಾಕಿದ ಸಂಖ್ಯೆಯೂ ಓದಲು ಬರಬೇಕೆಂಬ ನಿಯಮವಿದೆ. ಪಕ್ಕದಲ್ಲಿ ಸರಿಯಾದ ಸಂಖ್ಯೆ. ಅದರ ಕೆಳಗೆ ಚುಟುಕು ಸಹಿ, ತಾರೀಖು. ಒಂದು ಇದ್ದದ್ದು ಎಂಟಾಯಿತು, ಎಂಟು ಒಂದಾಯಿತು. ಏಳು ಎರಡಾಯಿತು. ಇಪ್ಪತ್ತನಾಲ್ಕಕ್ಕೂ ಇದೇ ಉಪಚಾರ. ಕಾರ್ಖಾನೆಯ ನಕ್ಷೆಯನ್ನು ‘ರದ್ದು’ ಎಂದು ಬರೆದು ಮಡಿಚಿಟ್ಟರು.

ಇಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಅಂಟಿಸುವ ಮೇಸ್ತ್ರಿ ಕಣ್ಣಿದ್ದವನು, ಕುದುರೆ ನೋಡಿಯಾದರೂ ನಿಲ್ಲಿಸುತ್ತಿದ್ದ. ಆದರೆ ಸಿಮೆಂಟ್ ತಾಗಿ ಚಿತ್ರಕ್ಕೆ ಕಲೆಯಾಗಬಾರದಲ್ಲ? ಹೊಸ ಕಡತಕ್ಕೆ ಹೊದಿಕೆ ಹಾಕದೆ ಕಪಾಟಿಗೆ ಸೇರಿಸುವ ಅಭ್ಯಾಸ ಅವರಿಗಿಲ್ಲ. ಮೈದಾ ಹಿಟ್ಟಿನ ಅಂಟು ಕುದಿಸಿ, ನಮ್ಮ ಮನೆಯ ಹಳೆಯ ಪೇಪರುಗಳನ್ನು ಅಳತೆಗೆ ಕತ್ತರಿಸಿ, ಇಪ್ಪತ್ತನಾಲ್ಕು ಬಿಲ್ಲೆಗಳ ಮುಖಕ್ಕೂ ಅಚ್ಚುಕಟ್ಟಾಗಿ ಮೆತ್ತಿದರು. ಪೇಪರು ನಮ್ಮದು, ಕತ್ತರಿಯೂ ನನ್ನದೇ. ಹಾಗಾಗಿ ಮುಂದಿನದರಲ್ಲಿ ನನ್ನ ಪಾಲಿಲ್ಲವೆಂದು ನಾನು ಹೇಳುವಂತಿಲ್ಲ.

ಸೋಮವಾರ ಟೈಲ್ಸ್ ಮೇಸ್ತ್ರಿ ಬಂದ. ಮಾತು ಕಡಿಮೆ, ಕೈ ಚುರುಕು. ಗೋಡೆಯ ಹಳೆಯ ಗಾರೆಯನ್ನು ಕೆತ್ತಿ, ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಿ, “ಕೊಡಿ ಸಾರ್” ಎಂದು ಕೈ ಚಾಚಿದ. ಬಂದ ಬಿಲ್ಲೆಯನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡ.

“ಇದೇನ್ ಸಾರ್, ಮುಖಕ್ಕೆ ಪೇಪರ್?”

“ರಕ್ಷಣೆಗೆ.”

“ನೀರಲ್ಲಿ ನೆನೆಸ್ಬೇಕಲ್ಲ ಸಾರ್. ಪೇಪರ್ ಬಿಟ್ಕೊಳ್ಳುತ್ತೆ.”

“ಬೆನ್ನಿಗೆ ಮಾತ್ರ ಬ್ರಷ್ಷಲ್ಲಿ ನೀರು ಹಚ್ಚು.”

ಮೇಸ್ತ್ರಿ ಬಿಲ್ಲೆಯನ್ನು ತಿರುಗಿಸಿದ. ಗೆರೆ, ಕೆಂಪು ಅಂಕಿ, ಸಹಿ, ತಾರೀಖು ಎಲ್ಲ ನೋಡಿದ. “ಕಂಪನಿ ನಂಬರ್ ಯಾರು ಸಾರ್ ಹೊಡೆದು ಹಾಕಿರೋದು?”

“ತಪ್ಪಿತ್ತು. ತಿದ್ದಿದೀನಿ. ಕೆಂಪಿನ ಪ್ರಕಾರ ಎಡದಿಂದ ಬಲಕ್ಕೆ ಹೋಗು.”

“ಒಂದೇ ಒಂದು ಸಾಲು ಪೇಪರ್ ಬಿಚ್ಚಿ ನೋಡ್ಕೊಂಡು...”

“ನನ್ನ ಮೇಲೆ ನಂಬಿಕೆ ಇಲ್ವಾ?” ಎಂದು ಪುಟಸಂಖ್ಯೆಯವರು ಕೇಳಿದ ಧಾಟಿಗೆ ಮೇಸ್ತ್ರಿ ಕರಣೆ ಕೈಗೆತ್ತಿಕೊಂಡ. “ನಂಬರ್ ನಿಮ್ದು, ಸಿಮೆಂಟ್ ನಂದು” ಎಂದು ಗೊಣಗಿ ಕೆಲಸ ಶುರು ಮಾಡಿದ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತನಾಲ್ಕೂ ಗೋಡೆ ಸೇರಿದವು. ಸಂದು ಒಂದೇ ಸಮ, ಸಾಲು ನೆಟ್ಟಗೆ. ಅಡುಗೆಮನೆಯ ಗೋಡೆಯ ತುಂಬ ಹಳೆಯ ಸುದ್ದಿ, ಮದುವೆ ಜಾಹೀರಾತು, ಕಳೆದ ತಿಂಗಳ ಹವಾಮಾನ.

ಮೂರು ದಿನ ಸಿಮೆಂಟ್ ಒಣಗಬೇಕೆಂದು ಮೇಸ್ತ್ರಿ ಹೇಳಿ ಹೋದ. ಆ ಮೂರು ದಿನದಲ್ಲಿ ಪುಟಸಂಖ್ಯೆಯವರು ಸುಮ್ಮನೆ ಇದ್ದಿದ್ದರೆ ಮನೆಯೊಳಗಿನ ಮಾತು ಮನೆಯೊಳಗೇ ಉಳಿಯುತ್ತಿತ್ತು. ಅವರು ಬೀದಿಯೆಲ್ಲ ಸುದ್ದಿ ಹಬ್ಬಿಸಿದರು. ಗುರುವಾರ ಸಂಜೆ ಕಾಗದ ಬಿಚ್ಚುವ ಸಣ್ಣ ಸಮಾರಂಭ, ಕಾಫಿ, ಬಿಸ್ಕತ್ತು. ಹೆಂಡತಿಯ ಅಕ್ಕನನ್ನು ಕರೆದರು. ಆಕೆಯ ಅಡುಗೆಮನೆಯ ಗೋಡೆಯನ್ನು ಇಡೀ ಬಳಗ ಹೊಗಳುವುದನ್ನು ಎಷ್ಟೋ ವರ್ಷದಿಂದ ನುಂಗಿಕೊಂಡಿದ್ದರು. ಕಚೇರಿಯ ಸಾಹೇಬರನ್ನು ಕರೆದರು. ಕೆಳಗಿನ ಮನೆಯ ಟೀಚರಮ್ಮ ಕರೆಯದೆಯೇ ಬರುವವರಿದ್ದರು, ಯಾಕೆಂದರೆ ತಮ್ಮ ಬಚ್ಚಲಿನ ಗೋಡೆಯ ಕೆಲಸವನ್ನು ಇದೇ ಮೇಸ್ತ್ರಿಗೆ ಒಪ್ಪಿಸಿದ್ದರು.

ಗುರುವಾರ ಐದು ಗಂಟೆಗೆ ಆ ಅಡುಗೆಮನೆಯಲ್ಲಿ ಏಳು ಜನ ಒತ್ತಿಕೊಂಡು ನಿಂತಿದ್ದೆವು. ಸಾಹೇಬರಿಗೆ ಮಾತ್ರ ಸ್ಟೂಲು. ಮೇಸ್ತ್ರಿ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಪುಟಸಂಖ್ಯೆಯವರು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಚಿ, ಒದ್ದೆ ಸ್ಪಂಜು ಹಿಡಿದು, “ಮೊದಲು ಎಡತುದಿ. ಒಂದು ದೊಡ್ಡ ಮರ ಇದೆ” ಎಂದು ಘೋಷಿಸಿ ಮೇಲಿನಿಂದ ಕೆಳಕ್ಕೆ ಮೂರು ಬಿಲ್ಲೆಯ ಸಾಲೊಂದರ ಕಾಗದ ನೆನೆಸಿದರು. ಕಾಗದ ಸುರುಳಿ ಸುತ್ತಿಕೊಂಡು ಬಿತ್ತು.

ಮನೆ ಕಾಣಿಸಿತು. ಕೆಂಪು ಹೆಂಚಿನ, ಪುಟ್ಟ ಕಿಟಕಿಯ, ಬಹಳ ಚೆಂದದ ಮನೆ.

“ಮನೆ ಚೆನ್ನಾಗಿದೆ” ಎಂದರು ಸಾಹೇಬರು.

“ಮರ ಎಲ್ಲಿ?” ಎಂದು ಕೇಳಿದರು ಟೀಚರಮ್ಮ. ಐದನೇ ತರಗತಿಗೆ ಪಾಠ ಹೇಳಿ ಹೇಳಿ ಅವರ ಕಣ್ಣಿಂದ ಏನೂ ತಪ್ಪಿಹೋಗುವುದಿಲ್ಲ.

ಪುಟಸಂಖ್ಯೆಯವರ ಕಿವಿಯ ತುದಿ ಕೆಂಪಾದದ್ದು ನನಗೆ ಕಾಣಿಸಿತು. ಆದರೆ ಆರು ಜನರ ಎದುರಿಗೆ ಸ್ಪಂಜು ಹಿಡಿದ ಮನುಷ್ಯ ಹಿಂದೆ ಹೆಜ್ಜೆ ಇಡುವುದು ಹೇಗೆ? ಪಕ್ಕದ ಎರಡನೇ ಸಾಲು ಬಿಚ್ಚಿದರು. ಹುಡುಗಿಯ ಹಿಂದಲೆ, ಉದ್ದ ಜಡೆ.

“ಹುಡುಗಿ ಆ ಕಡೆ ತಿರುಗಿದಾಳೆ ಅನ್ಸುತ್ತೆ” ಎಂದು ಯಜಮಾನಿತಿ ಗಂಡನ ಪರ ವಹಿಸಿದರು.

ಮೂರನೇ ಸಾಲಿನಲ್ಲಿ ಹುಡುಗಿಯ ಮುಖ ಬಂತು. ಮುಖ ಜಡೆಯ ಕಡೆಗೇ ನೋಡುತ್ತಿತ್ತು. ಮೂಗಿನ ತುದಿ ಜಡೆಗೆ ತಾಗಿತ್ತು. ಹುಡುಗಿ ತನ್ನ ಜಡೆಯನ್ನು ತಾನೇ ಮೂಸಿ ನೋಡಿ ಮುಗುಳ್ನಗುತ್ತಿದ್ದಳು.

ಸಾಹೇಬರು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಹಿಡಿದದ್ದು ಹಾಗೇ ಕರಗಿ ಲೋಟದೊಳಗೆ ಬಿತ್ತು.

ನಾಲ್ಕನೇ ಸಾಲಿನಲ್ಲಿ ಕುದುರೆಯ ಹಿಂಭಾಗ, ಬಾಲ. ಐದನೆಯದರಲ್ಲಿ ಹೊಟ್ಟೆ. ಬಾಲ ಹೊಟ್ಟೆಯನ್ನು ತಿವಿಯುತ್ತಿತ್ತು. ಆರನೆಯದರಲ್ಲಿ ಎದೆ, ಮುಂಗಾಲು. ಏಳನೆಯದನ್ನು ಬಿಚ್ಚುವಾಗ ಪುಟಸಂಖ್ಯೆಯವರು ಕಣ್ಣು ಮುಚ್ಚಿಕೊಂಡಿದ್ದರು. ಅಲ್ಲಿ ಕುದುರೆಯ ತಲೆ ಬಂತು. ನೀರು ಕುಡಿಯುವ ಬದಲು ತನ್ನ ಮೊಣಕಾಲನ್ನೇ ಬಹಳ ಗಂಭೀರವಾಗಿ ಪರೀಕ್ಷಿಸುತ್ತಿತ್ತು. ಕತ್ತು ಎಲ್ಲಿಂದ ಹೊರಟಿದೆಯೆಂದು ಹುಡುಕಿದರೆ, ಕೊನೆಗೆ ಬಿಚ್ಚಿದ ಎಂಟನೇ ಸಾಲಿನ ಮರದ ಬೊಡ್ಡೆಯಿಂದ.

“ಇದೇನ್ರೀ ಇದು?” ಎಂದು ಹೆಂಡತಿಯ ಅಕ್ಕ ಕೂಗಿದರು. ಅವರ ದನಿಯಲ್ಲಿ ಗಾಬರಿಗಿಂತ ಸಂತೋಷವೇ ಒಂದು ತೂಕ ಹೆಚ್ಚಿತ್ತೆಂದು ನನ್ನ ಅಂದಾಜು. “ಮರದಿಂದ ಕುದುರೆ ಹುಟ್ಟಿದೆ!”

“ನವೀನವಾಗಿದೆ” ಎಂದರು ಸಾಹೇಬರು. ಅಧಿಕಾರಿಗಳಿಗೆ ಅರ್ಥವಾಗದ್ದೆಲ್ಲ ನವೀನವೇ.

“ನವೀನ ಅಲ್ಲ, ಅಧ್ವಾನ” ಎಂದರು ಟೀಚರಮ್ಮ. ಮೇಸ್ತ್ರಿಯ ಕಡೆ ತಿರುಗಿದರು. “ಏನಪ್ಪಾ, ಕುದುರೆ ನೋಡಿಲ್ವಾ ನೀನು ಯಾವತ್ತೂ? ತಲೆ ಯಾವ ಕಡೆ, ಬಾಲ ಯಾವ ಕಡೆ ಅಂತ ಗೊತ್ತಿಲ್ವಾ?”

“ನಂಬರ್ ಪ್ರಕಾರ ಹಾಕಿದೀನಿ ಅಮ್ಮಾ” ಎಂದ ಮೇಸ್ತ್ರಿ.

“ಕಂಪನಿಯವರು ತಪ್ಪು ನಂಬರ್ ಹಾಕ್ತಾರಾ? ಸಾವಿರ ಮನೆಗೆ ಹೋಗಿರುತ್ತೆ ಇದು.” ಅಕ್ಕನವರು ದನಿ ಏರಿಸಿದರು. “ಓದು ಬರಹ ಬರದವರನ್ನ ಕರೆದು ಚಿತ್ರ ಅಂಟಿಸು ಅಂದ್ರೆ ಹೀಗೇ ಆಗೋದು.”

“ನಮ್ಮ ಬಚ್ಚಲು ಬೇಡಪ್ಪ. ನಾನು ಬೇರೆ ಯಾರನ್ನಾದ್ರೂ ನೋಡ್ಕೊಳ್ತೀನಿ” ಎಂದು ಟೀಚರಮ್ಮ ತೀರ್ಪು ಕೊಟ್ಟರು.

ಮೇಸ್ತ್ರಿಯ ಮುಖ ಸಪ್ಪಗಾಯಿತು. ಬಚ್ಚಲು ಹೋದದ್ದಷ್ಟೇ ಅಲ್ಲ. ಟೀಚರಮ್ಮ ಒಮ್ಮೆ ಬೇಡವೆಂದರೆ ನಮ್ಮ ಬೀದಿಯೇ ಬೇಡವೆಂದ ಹಾಗೆ. ಅವನು ಪುಟಸಂಖ್ಯೆಯವರ ಕಡೆ ಒಮ್ಮೆ ನೋಡಿದ. ಬಾಯಿ ಬಿಡಲಿಲ್ಲ. ಮನೆ ಯಜಮಾನನ ಮರ್ಯಾದೆಯನ್ನು ಅವನ ಅಡುಗೆಮನೆಯಲ್ಲೇ ನಿಂತು ತೆಗೆಯಬಾರದು ಎಂದುಕೊಂಡನೋ, ಹೇಳಿದರೂ ಯಾರು ನಂಬುತ್ತಾರೆ ಎಂದುಕೊಂಡನೋ. ಕೆಂಪು ಅಂಕಿ, ಗೆರೆ, ಸಹಿ, ತಾರೀಖು ಎಲ್ಲವೂ ಗೋಡೆಗೆ ಬೆನ್ನು ಕೊಟ್ಟು ಸಿಮೆಂಟಿನಲ್ಲಿ ಹೂತುಹೋಗಿದ್ದವು. ಅವು ಅಲ್ಲಿವೆಯೆಂದು ಗೊತ್ತಿದ್ದವರು ಮೂವರೇ. ಮೂರನೆಯವನು ನಾನು, ಮತ್ತು ನಾನು ಬಹಳ ಶ್ರದ್ಧೆಯಿಂದ ನನ್ನ ಚಪ್ಪಲಿಯನ್ನು ನೋಡುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಪುಟಸಂಖ್ಯೆಯವರು ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನ ತುದಿಯಿಂದ ಹುಡುಗಿಯ ಕೆನ್ನೆಗೆ ಅಂಟಿದ್ದ ಪೇಪರಿನ ಚೂರೊಂದನ್ನು ಒರೆಸುತ್ತಿದ್ದರು. ಇವರು ಸುಮ್ಮನಿದ್ದರೆ ಸಾಕಾಗಿತ್ತು. ಹಿಂದೆರಡು ಸಲ ಅಂಗಡಿಯವನು ಹೊತ್ತ ತಪ್ಪನ್ನು ಈ ಸಲ ಮೇಸ್ತ್ರಿ ಹೊರುತ್ತಿದ್ದ.

“ಮೇಸ್ತ್ರಿದು ತಪ್ಪಿಲ್ಲ” ಎಂದರು ಪುಟಸಂಖ್ಯೆಯವರು.

ದನಿ ಎಷ್ಟು ಸಣ್ಣದಾಗಿತ್ತೆಂದರೆ, ಸಾಹೇಬರು “ಏನು?” ಎಂದು ಕೇಳಬೇಕಾಯಿತು.

“ತಪ್ಪು ನಂದು.” ಪುಟಸಂಖ್ಯೆಯವರು ಸ್ಪಂಜನ್ನು ಎರಡೂ ಕೈಯಲ್ಲಿ ಹಿಂಡಿದರು, ಇಸ್ತ್ರಿ ಮಾಡಿದ ಅಂಗಿಯ ಮೇಲೆ ನೀರು ಇಳಿಯಿತು. “ಕಂಪನಿಯವರು ಸರಿಯಾಗೇ ಹಾಕಿದ್ರು. ಬೆನ್ನಿಗೆ ಹಾಕಿದ ನಂಬರು, ಬೆನ್ನಿನ ಕಡೆಯಿಂದ ನೋಡಿದ್ರೆ ಬಲದಿಂದಲೇ ಶುರುವಾಗ್ಬೇಕು. ಅದನ್ನ ನಾನು ತಪ್ಪು ಅಂದ್ಕೊಂಡು ತಿದ್ದಿದೆ. ಇಪ್ಪತ್ತನಾಲ್ಕಕ್ಕೂ ಸಹಿ ಮಾಡಿದೀನಿ. ಇವನು ಪೇಪರ್ ಬಿಚ್ಚಿ ನೋಡೋಣ ಅಂದ. ನಾನೇ ಬೇಡ ಅಂದೆ.”

“ಇಪ್ಪತ್ತನಾಲ್ಕಕ್ಕೂ” ಎಂದು ಮೇಸ್ತ್ರಿ ಅನುಮೋದಿಸಿದ. “ತಾರೀಖೂ ಇದೆ.”

ಒಬ್ಬೊಬ್ಬರ ಮುಖದಲ್ಲಿ ಒಂದೊಂದು ಬಣ್ಣ. ಅಕ್ಕನವರಿಗೆ ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದರು. ಸಾಹೇಬರು ಮಾತ್ರ ಸ್ಟೂಲಿನಿಂದ ಎದ್ದು ನಿಂತರು.

“ಹೋದ ವರ್ಷ ಹೊರಗಿನ ಕಚೇರಿಯಿಂದ ಬಂದ ಮುನ್ನೂರು ಕಡತಕ್ಕೆ ಪುಟಸಂಖ್ಯೆ ತಪ್ಪಿದೆ ಅಂತ ತಿದ್ದಿದ್ರಲ್ಲ. ಅವನ್ನ ಯಾವ ಕಡೆಯಿಂದ ನೋಡಿದ್ರಿ?”

“ಮುಂದಿನಿಂದಲೇ ಸಾರ್.”

“ಖಂಡಿತವಾಗಿ?”

ಪುಟಸಂಖ್ಯೆಯವರು ಯೋಚಿಸಿದರು. ಅವರು ಯೋಚಿಸಿದ್ದೇ ಸಾಹೇಬರಿಗೆ ಸಾಕಾಯಿತು. ಕಾಫಿಯ ಲೋಟವನ್ನು ಕಟ್ಟೆಯ ಮೇಲಿಟ್ಟು, ಕಚೇರಿಗೆ ಬೀಗ ಹಾಕಿರುತ್ತಾರೋ ಇಲ್ಲವೋ ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಮೆಟ್ಟಿಲು ಇಳಿದುಹೋದರು.

ಟೀಚರಮ್ಮ ಕೆಮ್ಮಿದರು. ತರಗತಿಯಲ್ಲಿ ತಪ್ಪೇ ಮಾಡದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದಾಗ ಹೀಗೇ ಕೆಮ್ಮುತ್ತಾರೇನೋ. “ಸರಿ ಮೇಸ್ತ್ರಿ. ಬಾಯಿಗೆ ಬಂದಹಾಗೆ ಅಂದ್ಬಿಟ್ಟೆ, ಮನಸ್ಸಿಗೆ ತಗೋಬೇಡ. ಸೋಮವಾರ ಬಂದು ಶುರು ಮಾಡು. ಆದ್ರೆ ಒಂದು ಷರತ್ತು. ಕೆಲಸ ಮುಗಿಯೋವರೆಗೂ ಇವರು ನಮ್ಮ ಮನೆಗೆ ಕಾಲಿಡಕೂಡದು.”

“ಇಡಲ್ಲ” ಎಂದು ಪುಟಸಂಖ್ಯೆಯವರೇ ಮಾತು ಕೊಟ್ಟರು.

“ಇದನ್ನ ಒಡೆಸಿಬಿಡೇ” ಎಂದು ಅಕ್ಕನವರು ತಂಗಿಗೆ ಹೇಳಿದರು. “ನಮ್ಮನೇದು ಹಾಕಿದವನ ನಂಬರ್ ಕೊಡ್ತೀನಿ. ಸಾದಾ ಬಿಳಿ ಹಾಕ್ಸು, ನೀನು ಕೇಳಿದ್ದೂ ಅದೇ ಅಲ್ವಾ? ಇನ್ಮೇಲೆ ಇವರ ಕೈಗೆ ಏನನ್ನೂ ಕೊಡ್ಬೇಡ.”

ಎಲ್ಲರೂ ಯಜಮಾನಿತಿಯ ಕಡೆ ನೋಡಿದೆವು. ಪುಟಸಂಖ್ಯೆಯವರು ನೋಡಲಿಲ್ಲ. ಅವರ ಕೈಯಲ್ಲಿ ಸ್ಪಂಜು ಇನ್ನೂ ತೊಟ್ಟಿಕ್ಕುತ್ತಿತ್ತು.

ಆಕೆ ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಯನ್ನು ಮನೆಯಿಂದ ಮರದವರೆಗೆ ಒಮ್ಮೆ ಎಳೆದರು. ಅಂಟು, ಪೇಪರಿನ ಚೂರು ಎಲ್ಲ ಬಂದುಬಿಟ್ಟಿತು. ಗೋಡೆ ಫಳಫಳ ಹೊಳೆಯಿತು, ಕುದುರೆಯ ಮೊಣಕಾಲೂ ಸೇರಿದಂತೆ.

“ಜಿಡ್ಡು ಬರುತ್ತೆ. ಇರಲಿ ಇದು” ಎಂದರು. “ಅಕ್ಕಾ, ಟೈಲ್ಸ್ ನೆಟ್ಟಗೆ ಹಾಕ್ಸೋರು ಎಲ್ಲರ ಮನೇಲೂ ಇದಾರೆ. ಸಿಮೆಂಟ್ ಒಳಗೆ ಮುಚ್ಚಿಹೋದ ತಪ್ಪನ್ನ ಇಷ್ಟು ಜನರ ಮುಂದೆ ತಾವೇ ಹೇಳ್ಕೊಳ್ಳೋರು ನಿಮ್ಮ ಮನೇಲಿ ಇದಾರಾ? ಭಾವನ್ನ ಕೇಳಿ ನೋಡು.”

ಅಕ್ಕನವರು ತಮ್ಮ ಗಂಡನನ್ನು ನೆನೆಸಿಕೊಂಡರೆಂದು ಕಾಣುತ್ತದೆ. ಬಿಸ್ಕತ್ತು ತೆಗೆದುಕೊಂಡರು.

ಯಜಮಾನಿತಿ ಗಂಡನ ಕಡೆ ತಿರುಗಿದರು. “ರೀ, ಮುಂದಿನ ತಿಂಗಳು ಹಾಲ್‌ಗೆ ಬಣ್ಣ ಹೊಡಿಸ್ಬೇಕು. ಅದೂ ನೀವೇ ನೋಡ್ಕೊಳ್ಳಿ.”

ಸ್ಪಂಜು ಕೆಳಗೆ ಬಿತ್ತು. “ನಾನಾ?” ಎಂದರು ಪುಟಸಂಖ್ಯೆಯವರು. ಅವರ ಕಣ್ಣು ತುಂಬಿತ್ತು. ನಾನು ಎದುರಿಗೇ ನಿಂತು ನೋಡಿದ್ದೇನೆ, ಸುಳ್ಳು ಹೇಳುತ್ತಿಲ್ಲ.

“ನೀವೇ. ಚಿತ್ರ ಗಿತ್ರ ಏನೂ ಬೇಡ. ನಾಲ್ಕು ಗೋಡೆ, ನಾಲ್ಕಕ್ಕೂ ಒಂದೇ ಬಿಳಿ ಬಣ್ಣ. ಇದರಲ್ಲಿ ಕೇಳೋದೇನಾದ್ರೂ ಇದೆಯಾ?”

ಪುಟಸಂಖ್ಯೆಯವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹಾಲ್‌ನ ಬಾಗಿಲಿಗೆ ಹೋಗಿ ನಿಂತು, ನಾಲ್ಕೂ ಗೋಡೆಗಳನ್ನು ಬಹಳ ಹೊತ್ತು ಭಕ್ತಿಯಿಂದ ನೋಡಿದರು. ಒಳಗಿನಿಂದ ನೋಡಿದರು, ಹೊರಗೆ ಬಂದು ಒಮ್ಮೆ ನೋಡಿದರು, ಮತ್ತೆ ಒಳಗೆ ಹೋದರು.

“ಒಂದೇ ಒಂದು ಪ್ರಶ್ನೆ” ಎಂದರು. “ಇದರಲ್ಲಿ ಒಂದನೇ ಗೋಡೆ ಯಾವುದು?”